ಯಲ್ಲಮ್ಮನ ಹೆಸರು ಬಂದಾಗ

ಪ್ರತಿ ವರ್ಷ ಭಾರತ ಹುಣ್ಣಿಮೆ ಕಳೆದ ಮರುವಾರ ಪುಣೆಯ ನಮ್ಮ ಕಚೇರಿಯಲ್ಲಿ ಸಣ್ಣದೊಂದು ಪೊಟ್ಟಣ ಮೇಜಿನಿಂದ ಮೇಜಿಗೆ ಸಾಗುತ್ತದೆ. ಒಳಗೆ ಭಂಡಾರ. ತರುವವರು ಕೊಲ್ಹಾಪುರ ಕಡೆಯ ಸಹೋದ್ಯೋಗಿ. ಸವದತ್ತಿಯ ಯಲ್ಲಮ್ಮ ಅವರ ಮನೆದೇವರು. "ನಿಮ್ಮ ನಾಡಿನ ದೇವಿ" ಎಂದು ಅವರು ಅಭಿಮಾನದಿಂದ ಕೊಡುತ್ತಾರೆ. ನಾವು ಹಣೆಗೆ ಹಚ್ಚಿಕೊಂಡು ಮಾತು ಬದಲಿಸುತ್ತೇವೆ. ಹಂಪೆ, ಬೇಲೂರುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ನಮಗೆ ಯಲ್ಲಮ್ಮನ ಹೆಸರು ಬಂದೊಡನೆ ನಾಲಗೆ ತೊದಲುತ್ತದೆ. ಹೊರನಾಡಿನ ಓದಿದ ಕನ್ನಡಿಗರಲ್ಲಿ ಈ ಸಂಕೋಚ ಸಾಮಾನ್ಯವೆಂಬುದು ನಮ್ಮ ಅನುಭವ.

ಸಂಕೋಚಪಡುವಂಥ ಊರೇನೂ ಅಲ್ಲ ಅದು. ಶಾಸನಗಳ ಸುಗಂಧವರ್ತಿಯೇ ಇಂದಿನ ಸವದತ್ತಿ. ರಟ್ಟರು ಬೆಳಗಾವಿಗೆ ಹೋಗುವ ಮುನ್ನ ಇಲ್ಲಿಂದಲೇ ಆಳಿದರು. ಊರಾಚೆಯ ಗುಡ್ಡದ ಮೇಲಿನ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದನೆಂದು ಪ್ರತೀತಿ. ಆದರೆ ಯಲ್ಲಮ್ಮನ ನಿಜವಾದ ಚರಿತ್ರೆ ಇರುವುದು ಕಲ್ಲಿನಲ್ಲಲ್ಲ, ಭಕ್ತರ ನಡೆವಳಿಕೆಯಲ್ಲಿ. ಜೋಗುಳಬಾವಿಯಲ್ಲಿ ಮಿಂದು ಗುಡ್ಡ ಏರುವವರು ಬಯಲಲ್ಲೇ ಒಲೆ ಹೂಡಿ ಹೋಳಿಗೆ, ಕಡಬು, ಬದನೆಕಾಯಿ ಪಲ್ಯ ಮಾಡುತ್ತಾರೆ. ಪಡ್ಡಲಗಿ ತುಂಬಿಸಿ, ಜೋಗತಿಯರಿಗೆ ಉಣಬಡಿಸಿ, ಆಮೇಲೆ ತಾವು ಉಣ್ಣುತ್ತಾರೆ. ಸುತ್ತ ಚೌಡಿಕೆಯ ದನಿ, "ಉಧೋ ಉಧೋ" ಎಂಬ ಕೂಗು. ಹೊಸ್ತಿಲ ಹುಣ್ಣಿಮೆಗೆ ಜಮದಗ್ನಿ ಹತನಾದನೆಂದು ದೇವಿಗೆ ವೈಧವ್ಯ; ಭಕ್ತೆಯರು ಬಳೆ ಒಡೆದುಕೊಳ್ಳುತ್ತಾರೆ. ಕೆಲವು ತಿಂಗಳ ನಂತರ ಆಕೆ ಮತ್ತೆ ಮುತ್ತೈದೆ. ವಿಧವೆಯನ್ನು ಅಮಂಗಳವೆಂದು ಹೊರಗಿಟ್ಟ ಸಮಾಜವೇ ಪ್ರತಿವರ್ಷ ವಿಧವೆಯಾಗುವ ದೇವಿಯೊಬ್ಬಳ ಮುಂದೆ ಕೈಮುಗಿದು ನಿಂತಿದೆ.

ಎಂ.ಎ. ತರಗತಿಯಲ್ಲಿ ನಾವು ಗ್ರೀಕರ ಒರೆಸ್ಟಿಸನ ಕಥೆ ಓದಿದೆವು. ತಾಯಿಯನ್ನು ಕೊಂದವನನ್ನು ಪ್ರತೀಕಾರದ ದೇವತೆಗಳು ಬೆನ್ನಟ್ಟುತ್ತಾರೆ. ಕೊನೆಗೆ ನ್ಯಾಯಸಭೆ ಅವನನ್ನು ಬಿಡುಗಡೆ ಮಾಡುತ್ತದೆ. ಪರೀಕ್ಷೆಯಲ್ಲಿ ಅದರ ಮೇಲೆ ಪುಟಗಟ್ಟಲೆ ಬರೆದೆವು. ತಂದೆಯ ಮಾತಿಗೆ ತಾಯಿಯ ತಲೆ ಕಡಿದ ಪರಶುರಾಮನ ಕಥೆ ಮನೆಯಂಗಳದಲ್ಲೇ ಇದ್ದರೂ ಅದನ್ನು ಹಾಗೆ ಓದಬಹುದೆಂದು ಯಾರೂ ಹೇಳಲಿಲ್ಲ. ಗ್ರೀಕರಲ್ಲಿ ಸತ್ತ ತಾಯಿ ಕೊನೆಗೆ ಮರೆಗೆ ಸರಿಯುತ್ತಾಳೆ. ನಮ್ಮಲ್ಲಿ ಮರಳಿನ ಕೊಡ ನಿಲ್ಲದೆ ಶಾಪ ಹೊತ್ತ ರೇಣುಕೆಯೇ ಎದ್ದು ಬಂದು ಗುಡ್ಡದ ಒಡತಿಯಾಗುತ್ತಾಳೆ. ಜಮದಗ್ನಿಗೂ ಪರಶುರಾಮನಿಗೂ ಅಲ್ಲಿ ಗುಡಿಗಳಿವೆ. ಜನ ಬರುವುದು ಮಾತ್ರ ಅವಳಿಗಾಗಿ.

ಇಷ್ಟು ಹೇಳಿ ನಿಲ್ಲಿಸಿದರೆ ಅಪ್ರಾಮಾಣಿಕತೆಯಾದೀತು. ಇದೇ ದೇವಿಯ ಹೆಸರಿನಲ್ಲಿ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿದರು. ಅವರಲ್ಲಿ ಬಹುಪಾಲು ದಲಿತ ಕೇರಿಗಳ ಮಕ್ಕಳು. ಮುಂಬಯಿ ಪ್ರಾಂತ್ಯ 1934ರಲ್ಲಿ ಇದರ ವಿರುದ್ಧ ಕಾನೂನು ಮಾಡಿತು, ಕರ್ನಾಟಕ 1982ರಲ್ಲಿ. ಎರಡು ಕಾನೂನುಗಳ ನಡುವೆ ಸುಮಾರು ಅರ್ಧ ಶತಮಾನ. ಅಷ್ಟೂ ಕಾಲ ಹುಡುಗಿಯರು ಮುಂಬಯಿಯ ಕಾಮಾಠಿಪುರಕ್ಕೂ ನಮ್ಮ ಪುಣೆಯ ಬುಧವಾರ ಪೇಠೆಗೂ ಬರುತ್ತಲೇ ಇದ್ದರು. ಕಾನೂನು ಬಂದ ಮೇಲೂ ಬಂದರು. ಅವರ ಮಾತು ಕನ್ನಡ. ಹೊರನಾಡ ಕನ್ನಡಿಗರ ಚರಿತ್ರೆ ಬರೆಯುವಾಗ ನಾವು ಹೋಟೆಲಿನವರನ್ನು, ಗಿರಣಿ ಕಾರ್ಮಿಕರನ್ನು, ಬ್ಯಾಂಕು ಕಟ್ಟಿದವರನ್ನು, ಈಚೆಗೆ ಐಟಿಯವರನ್ನು ಲೆಕ್ಕಕ್ಕೆ ಹಿಡಿಯುತ್ತೇವೆ. ಈ ಹೆಂಗಸರನ್ನು ಹಿಡಿದದ್ದು ನಾವು ಕಾಣೆವು. ರಾಜ್ಯೋತ್ಸವದ ವೇದಿಕೆಯಿಂದ ಬುಧವಾರ ಪೇಠೆ ದೂರವೇನಲ್ಲ.

ಇನ್ನೊಂದು ಅತಿರೇಕವೂ ಉಂಟು. ಅನಾಚಾರ ನಿಲ್ಲಿಸುವ ಉತ್ಸಾಹದಲ್ಲಿ ಜೋಗತಿಯರ ಹಾಡು, ಕುಣಿತ, ಯಲ್ಲಮ್ಮನ ಆಟ ಎಲ್ಲವನ್ನೂ ಗುಡಿಸಿ ಹಾಕಬೇಕೆನ್ನುವವರಿದ್ದಾರೆ. ನಮಗಿದು ಒಪ್ಪಿಗೆಯಿಲ್ಲ. ಮನೆಯವರು ಕೈಬಿಟ್ಟ ಗಂಡುಜೀವಗಳಿಗೆ ಜೋಗಪ್ಪಗಳಾಗಿ ಸೀರೆಯುಟ್ಟು ತಲೆಯೆತ್ತಿ ಬದುಕಲು ಎಡೆಕೊಟ್ಟದ್ದೂ ಈ ಪರಂಪರೆಯೇ. ಆ ಹಾದಿಯಲ್ಲಿ ಬಂದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಮುತ್ತು ಕಟ್ಟುವುದು ನಿಲ್ಲಲೇಬೇಕು. ಚೌಡಿಕೆ ನಿಲ್ಲಬೇಕಿಲ್ಲ. ಇವೆರಡನ್ನು ಬೇರ್ಪಡಿಸಿ ನೋಡಬೇಕಾದರೆ ಮೊದಲು ಬಾಯಿಬಿಟ್ಟು ಮಾತಾಡಬೇಕು; ಮುಜುಗರದ ಮೌನದಿಂದ ಅದು ಆಗದು. ಬುಧವಾರ ಪೇಠೆಯ ಮುದುಕಿಯರಲ್ಲಿ ಯಲ್ಲಮ್ಮನ ಹಾಡು ಬಲ್ಲವರು ಇದ್ದಾರು. ಒಂದು ತಿಂಗಳ ಕವಿಗೋಷ್ಠಿ ಬಿಟ್ಟು ಅವರನ್ನು ಕೇಳಲು ಹೋಗಬಾರದೇಕೆ?

ಈ ಸಲ ಪೊಟ್ಟಣ ಬಂದಾಗ ನಾವು ಮಾತು ಬದಲಿಸಲಿಲ್ಲ. ಮುಂದಿನ ಜಾತ್ರೆಗೆ ಅವರ ಬಾಡಿಗೆ ಬಸ್ಸಿನಲ್ಲಿ ಒಂದು ಸೀಟು ಕೇಳಿದೆವು. ಪಾತ್ರೆ ಪಡಗ ಏನೂ ತರಬೇಕಿಲ್ಲವಂತೆ. ಅಜ್ಜನ ಕಾಲದಿಂದ ಅವರ ಮನೆಮಂದಿ ಗುಡ್ಡದಲ್ಲಿ ಕೇಳುತ್ತ ಬಂದ ಹಾಡುಗಳು ಕನ್ನಡದವು. ಅರ್ಥ ಹೇಳುವವರು ಒಬ್ಬರು ಬೇಕಾಗಿತ್ತು ಎಂದರು.