ಎರಡನೇ ಸಲ ಬಂದ ಕಿಟ್ಟೆಲ್
ಊರು ಬಿಟ್ಟು ಹೋದ ಪಾದ್ರಿಗಳು ಹಳೆಯ ಸಭೆಗೆ ಬಂದರೆ ನಾಲ್ಕು ಮನೆಯ ಕಾಫಿ ಕುಡಿದು, ಭಾನುವಾರ ಒಂದು ಪ್ರಸಂಗ ಹೇಳಿ ಹೊರಡುವುದು ವಾಡಿಕೆ. ಫರ್ಡಿನಾಂಡ್ ಕಿಟ್ಟೆಲ್ ಮರಳಿ ಬಂದದ್ದು ಬೇರೆಯೇ ಹಸಿವಿನಿಂದ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಕನ್ನಡ ನಾಡಿಗೆ ಬಂದ ಈ ತರುಣ 1877ರಲ್ಲಿ ಜರ್ಮನಿಗೆ ವಾಪಸಾದರು. ಕೈಗೆತ್ತಿಕೊಂಡಿದ್ದ ಕನ್ನಡ-ಇಂಗ್ಲಿಷ್ ನಿಘಂಟಿನ ಕೆಲಸ ಮಾತ್ರ ಬೆನ್ನು ಬಿಡಲಿಲ್ಲ. ಅಲ್ಲಿ ಕೂತು ಹಳಗನ್ನಡ ಕಾವ್ಯ ಓದಬಹುದು, ಸರಿ. ಸಂತೆಯಲ್ಲಿ, ಹೊಲದಲ್ಲಿ, ಅಡುಗೆಮನೆಯಲ್ಲಿ ಆಡುವ ಮಾತನ್ನು ಯಾರ ಬಾಯಿಂದ ಕೇಳುವುದು? 1883ರಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಹಡಗು ಹತ್ತಿದರು. ಕೆಲವು ದಿನದ ನೆಂಟರಾಗಿ ಅಲ್ಲ, 1892ರವರೆಗೂ ದುಡಿದರು. ಅವರ ನಿಘಂಟನ್ನು ಎಲ್ಲಿ ಬಿಡಿಸಿದರೂ ಆ ದುಡಿಮೆ ಕಾಣುತ್ತದೆ: ಪದ ಮೈಸೂರು ಸೀಮೆಯದೋ ಧಾರವಾಡದ ಕಡೆಯದೋ ಎಂಬ ಗುರುತು, ನಡುನಡುವೆ ರಾಶಿ ಗಾದೆಗಳು. (ಸುವಾರ್ತೆ ಸಾರಲು ಬಂದವರಿಗೆ ಇಷ್ಟೊಂದು ಗಾದೆ ಯಾಕೆ ಬೇಕಿತ್ತೋ! ಮಿಷನ್ನಿನ ಹಿರಿಯರಿಗೂ ಈ ಪ್ರಶ್ನೆ ಬಂದಿದ್ದರೆ ಆಶ್ಚರ್ಯವಿಲ್ಲ.) ಸುಮಾರು 70,000 ಪದಗಳ ಆ ಗ್ರಂಥ 1894ರಲ್ಲಿ ಮಂಗಳೂರಿನ ಮಿಷನ್ ಮುದ್ರಣಾಲಯದಿಂದ ಹೊರಬಂದಾಗ ಕಿಟ್ಟೆಲ್ ಜರ್ಮನಿಯಲ್ಲಿದ್ದರು. 1903ರಲ್ಲಿ ಅಲ್ಲಿನ ಟ್ಯೂಬಿಂಗನ್‌ನಲ್ಲೇ ತೀರಿಕೊಂಡರು.