ತಾರಸಿ ಮೇಲೊಂದು ಆಂಟೆನಾ ಬೇಕು

ಡ್ರೋನ್, ರೋಬೋ ಪ್ರಾಜೆಕ್ಟ್ ಮಾಡುವವರ ಗೋಳು ಒಂದೇ: ಜಿಪಿಎಸ್ ಮೂರ್ನಾಲ್ಕು ಮೀಟರ್ ಆಚೀಚೆ ತೋರಿಸುತ್ತೆ. ಬಯಲಲ್ಲೂ ಹೀಗಾದರೆ ತಪ್ಪಿನ ದೊಡ್ಡ ಪಾಲು ಉಪಗ್ರಹದ ಕಕ್ಷೆ, ಗಡಿಯಾರ ಮತ್ತು ವಾತಾವರಣದ್ದು. ಹತ್ತಿರವಿರುವ ಎರಡು ರಿಸೀವರ್‌ಗಳಿಗೆ ಅದು ಹೆಚ್ಚುಕಡಿಮೆ ಒಂದೇ. ಜಾಗ ಗೊತ್ತಿರುವ ಒಂದನ್ನು ಬೇಸ್ ಮಾಡಿ, ಅದು ಅಳೆದ ಅಲೆಯ ಫೇಸನ್ನು ಇನ್ನೊಂದಕ್ಕೆ ಕಳಿಸಿದರೆ ತಪ್ಪು ಕಳೆದುಹೋಗುತ್ತೆ. ಇದೇ ಆರ್‌ಟಿಕೆ. ಯು-ಬ್ಲಾಕ್ಸ್ ಎಫ್9ಪಿಯಂಥ ಎರಡು ಬ್ಯಾಂಡಿನ ಬೋರ್ಡಿಗೆ ಬಯಲಲ್ಲಿ ಕೆಲವೇ ಸೆಂಟಿಮೀಟರ್ ನಿಖರತೆ ಸಾಧ್ಯ. ಆರ್‌ಟಿಕೆಲಿಬ್ ತಂತ್ರಾಂಶ ಪುಕ್ಕಟೆ.

ಹಾಗಿದ್ದ ಮೇಲೆ ಪ್ರತಿ ತಂಡವೂ ಎರಡೆರಡು ಬೋರ್ಡ್ ಯಾಕೆ ಕೊಳ್ಳಬೇಕು? ಕಾಲೇಜೇ ತಾರಸಿ ಮೇಲೆ ಒಂದು ಬೇಸ್ ಇಡಲಿ. ಸಿವಿಲ್‌ನವರು ಅದರ ಜಾಗ ಸರಿಯಾಗಿ ಅಳೆಯಲಿ. ಬೇಸ್ ತಪ್ಪಿದರೆ ಎಲ್ಲರ ಲೆಕ್ಕವೂ ಅಷ್ಟೇ ತಪ್ಪುತ್ತೆ. ಎಲೆಕ್ಟ್ರಾನಿಕ್ಸ್‌ನವರು ಅದರ ಡೇಟಾವನ್ನು ವೈಫೈನಲ್ಲಿ ಎಲ್ಲರಿಗೂ ಬಿಡಲಿ. ಅರ್ಜಿ ಬರೆಯೋಣ, ಸಹಿ ಹಾಕ್ತೀರಲ್ವಾ?