‘ಐ’ ಎನ್ನಬೇಕೆ, ‘ಮಿ’ ಎನ್ನಬೇಕೆ?

ಹೊರನಾಡಿನ ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ಮಕ್ಕಳು ಓದುವುದು ಇಂಗ್ಲಿಷಿನಲ್ಲಿ. ಅವರ ಪಾಠ ತಿದ್ದುವ ತಾಯ್ತಂದೆಗಳು ಯೋಚಿಸುವುದು ಕನ್ನಡದಲ್ಲಿ. ಆದುದರಿಂದ ಸಣ್ಣ ಸಂದೇಹಗಳೂ ಕೆಲವೊಮ್ಮೆ ದೊಡ್ಡ ಚರ್ಚೆಯಾಗುವುದುಂಟು. ‘ಅವಳು ನನಗಿಂತ ಎತ್ತರ’ ಎಂಬುದನ್ನು ‘ಷಿ ಈಸ್ ಟಾಲರ್ ದ್ಯಾನ್ ಐ’ ಎನ್ನಬೇಕೋ, ‘ದ್ಯಾನ್ ಮಿ’ ಎನ್ನಬೇಕೋ ಎಂಬುದು ಅಂಥದೊಂದು.

1762ರಲ್ಲಿ ಇಂಗ್ಲಿಷ್ ವ್ಯಾಕರಣವನ್ನು ಪ್ರಕಟಿಸಿದ ರಾಬರ್ಟ್ ಲೌತ್ ಎಂಬ ಪಂಡಿತರ ಮತದಂತೆ, ‘ದ್ಯಾನ್’ ಆದಮೇಲೆ ಒಂದು ಕ್ರಿಯಾಪದ ಅಡಗಿರುತ್ತದೆ. ಅದನ್ನು ಅಧ್ಯಾಹಾರ ಮಾಡಿಕೊಂಡರೆ ಸರ್ವನಾಮದ ರೂಪ ತಾನಾಗಿ ತಿಳಿಯುತ್ತದೆ. ‘ದ್ಯಾನ್ ಐ ಆಮ್’ ಎನ್ನಬಹುದೇ ಹೊರತು ‘ದ್ಯಾನ್ ಮಿ ಆಮ್’ ಎನ್ನಲಾಗದು. ಆದ್ದರಿಂದ ‘ಐ’ ಎಂಬುದೇ ಸಾಧು. ಇನ್ನೊಂದು ಪಕ್ಷದವರು ‘ದ್ಯಾನ್’ ಶಬ್ದವನ್ನು ‘ವಿತ್’, ‘ಫಾರ್’ಗಳ ಗುಂಪಿಗೆ ಸೇರಿಸಿ ‘ಮಿ’ ಎನ್ನುತ್ತಾರೆ. ಷೇಕ್ಸ್‌ಪಿಯರನೂ ಹೀಗೆ ಪ್ರಯೋಗಿಸಿದ್ದುಂಟು. ಇಂದಿನ ಆಡುಮಾತಿನಲ್ಲಿ ಇದೇ ಹೆಚ್ಚು.

ಎತ್ತರದ ಮಾತಿನಲ್ಲಿ ಯಾವುದನ್ನು ಹೇಳಿದರೂ ಅರ್ಥಕ್ಕೆ ಬಾಧಕವಿಲ್ಲ. ತೊಡಕಿರುವುದು ಬೇರೆ ಕಡೆ. ಅಕ್ಕ ತನ್ನ ತಮ್ಮನ ವಿಷಯವಾಗಿ ‘ಗ್ರ್ಯಾನಿ ಲವ್ಸ್ ಹಿಮ್ ಮೋರ್ ದ್ಯಾನ್ ಐ’ ಎಂದು ಬರೆಯುತ್ತಾಳೆನ್ನಿ. ತಾನು ಅವನನ್ನು ಪ್ರೀತಿಸುವುದಕ್ಕಿಂತ ಅಜ್ಜಿ ಹೆಚ್ಚು ಪ್ರೀತಿಸುತ್ತಾಳೆ ಎಂದು ಅದರ ಅರ್ಥ. ‘ದ್ಯಾನ್ ಮಿ’ ಎಂದು ಬರೆದರೋ, ಅಜ್ಜಿಗೆ ತನ್ನ ಮೇಲಿರುವುದಕ್ಕಿಂತ ಅವನ ಮೇಲೆ ಹೆಚ್ಚು ಪ್ರೀತಿ ಎಂದಾಗುತ್ತದೆ. ಮೊದಲನೆಯದು ಹೊಗಳಿಕೆ, ಎರಡನೆಯದು ದೂರು! ಆಡುಮಾತಿನವರು ಎರಡು ಅರ್ಥಕ್ಕೂ ‘ಮಿ’ಯನ್ನೇ ಬಳಸುವುದರಿಂದ, ಹೊಗಳಲು ಹೊರಟವಳ ಕಾಗದ ಓದುವವರಿಗೆ ದೂರಾಗಿ ಕಂಡೀತು.

ಇಲ್ಲಿ ನಮ್ಮ ಕನ್ನಡದ ನೆರವೂ ದೊರೆಯದು. ‘ಅಜ್ಜಿ ನನಗಿಂತ ಅವನನ್ನು ಹೆಚ್ಚು ಪ್ರೀತಿಸುತ್ತಾಳೆ’ ಎಂಬಲ್ಲಿಯೂ ಎರಡು ಅರ್ಥಗಳು ಹೊರಡುತ್ತವೆ. ‘ನಾನು ಪ್ರೀತಿಸುವುದಕ್ಕಿಂತ’ ಎಂದೋ, ‘ನನ್ನನ್ನು ಪ್ರೀತಿಸುವುದಕ್ಕಿಂತ’ ಎಂದೋ ಬಿಡಿಸಿ ಹೇಳಿದರೆ ಮಾತ್ರ ಗೊಂದಲ ತೀರುತ್ತದೆ.

ಇಂಗ್ಲಿಷಿಗೂ ಇದೇ ಮದ್ದು. ಅಡಗಿದ ಕ್ರಿಯಾಪದವನ್ನು ಹೊರತಂದು ‘ದ್ಯಾನ್ ಐ ಡೂ’ ಎಂದೋ, ‘ದ್ಯಾನ್ ಷಿ ಲವ್ಸ್ ಮಿ’ ಎಂದೋ ಬರೆದರಾಯಿತು. ಪರೀಕ್ಷೆಯಲ್ಲಿಯೂ ಅರ್ಜಿಗಳಲ್ಲಿಯೂ ‘ದ್ಯಾನ್ ಐ ಆಮ್’ ಎಂದು ಪೂರ್ತಿಯಾಗಿ ಬರೆಯುವುದು ಕ್ಷೇಮ. ಯಾವ ಪಕ್ಷದವರೂ ಅದರಲ್ಲಿ ತಪ್ಪು ಹುಡುಕಲಾರರು. ‘ಆಸ್ ಟಾಲ್ ಆಸ್ ಐ ಆಮ್’ ಎಂಬಲ್ಲಿಯೂ ಇದೇ ಕ್ರಮ.

ಇನ್ನು ಊಟದ ಹೊತ್ತಿನಲ್ಲಿ ಮಗು ‘ಟಾಲರ್ ದ್ಯಾನ್ ಮಿ’ ಎಂದರೆ ಗದರಿಸಬೇಕಾದ್ದಿಲ್ಲ. ಯಾರ ಪ್ರೀತಿ ಯಾರ ಮೇಲೆ ಎಂಬ ಮಾತು ಬಂದಾಗ ಮಾತ್ರ ವಾಕ್ಯವನ್ನು ಪೂರ್ತಿ ಮಾಡಿಸಿರಿ.